ಮನೆಯಲ್ಲಿ ಸರೌಂಡ್ ಫಾರ್ಮ್ಯಾಟ್‌ಗಳನ್ನು ಹೋಲಿಸಿ ಕೇಳುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಒಂದೇ ಡಿಸ್ಕ್‌ನಲ್ಲಿ ಡಾಲ್ಬಿ ಟ್ರ್ಯಾಕೂ ಇದೆ, ಡಿಟಿಎಸ್ ಟ್ರ್ಯಾಕೂ ಇದೆ. ಎರಡೂ ಸುತ್ತಲಿನ ಸ್ಪೀಕರ್‌ಗಳಿಗೆ ಶಬ್ದ ಹಂಚುವ ಸರೌಂಡ್ ಫಾರ್ಮ್ಯಾಟ್‌ಗಳು. ರಿಮೋಟ್‌ನ ಆಡಿಯೋ ಬಟನ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತೀರಿ. ಡಿಟಿಎಸ್ ತುಂಬಿಕೊಂಡಂತೆ ಕೇಳುತ್ತದೆ, ಡಾಲ್ಬಿ ಸ್ವಲ್ಪ ಮಂಕು. ಅಲ್ಲಿಗೆ ತೀರ್ಪು ಆಗಿಬಿಡುತ್ತದೆ. ಆದರೆ ಅಲ್ಲಿ ಕೇಳಿಸಿದ್ದು ಹೆಚ್ಚಿನ ಸಲ ಬರೀ ಮೂರು ನಾಲ್ಕು ಡೆಸಿಬೆಲ್ ವಾಲ್ಯೂಮ್ ಫರಕು.

ಈ ಕೆಲಸದಲ್ಲಿ ಜನ ಸೋಲುವುದು ಕ್ರಮ ತಪ್ಪಿದ್ದಕ್ಕೆ. ಎರಡು ಟ್ರ್ಯಾಕ್‌ಗಳ ಮಿಕ್ಸ್ (ಯಾವ ಶಬ್ದ ಯಾವ ಸ್ಪೀಕರ್‌ನಿಂದ ಎಷ್ಟು ಜೋರಾಗಿ ಎಂಬ ಹಂಚಿಕೆ) ಬೇರೆ ಇರಬಹುದು, ಮಟ್ಟ ಬೇರೆ ಇರಬಹುದು, ರಿಸೀವರ್ (ಸಿಗ್ನಲ್ ಪಡೆದು ಸ್ಪೀಕರ್‌ಗಳನ್ನು ನುಡಿಸುವ ಪೆಟ್ಟಿಗೆ) ಒಂದಕ್ಕೆ ಒಂದು ಮೋಡ್ ಹಾಕಿ ಇನ್ನೊಂದಕ್ಕೆ ಮತ್ತೊಂದು ಮೋಡ್ ಹಾಕಿರಬಹುದು, ಮಧ್ಯದಲ್ಲಿ ಟಿವಿ ಎಲ್ಲವನ್ನೂ ಸ್ಟೀರಿಯೋ ಮಾಡಿ ಕಳಿಸಿರಬಹುದು. ಇವನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದ ಮೇಲೆ ಏನಾದರೂ ಉಳಿದರೆ ಅದು ಫಾರ್ಮ್ಯಾಟ್‌ನ ವ್ಯತ್ಯಾಸ. ಅದಕ್ಕೇ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಎರಡನೆಯದನ್ನು ಬಿಟ್ಟು ಆರಕ್ಕೆ ಹಾರಿದರೆ ಆರನೆಯದು ದಂಡ.

ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಸಾಮಾನು

ಎಚ್‌ಡಿಎಂಐ ಇರುವ ಸರೌಂಡ್ ರಿಸೀವರ್, ಬಿಟ್‌ಸ್ಟ್ರೀಮ್ (ಬಿಚ್ಚದ, ಅಂದರೆ ಡಿಕೋಡ್ ಮಾಡದ ಮೂಲ ಸಿಗ್ನಲ್) ಕಳಿಸಬಲ್ಲ ಪ್ಲೇಯರ್ ಅಥವಾ ಕಂಪ್ಯೂಟರ್, ಅಳತೆ ಟೇಪು, ಒಂದು ಸೌಂಡ್ ಲೆವೆಲ್ ಮೀಟರ್. ಮೀಟರ್ ಇಲ್ಲದಿದ್ದರೆ ಫೋನ್ ಆ್ಯಪ್ ಸಾಕು. ಫೋನ್ ತೋರಿಸುವ ಸಂಖ್ಯೆ ನಿಖರ ಇರುವುದಿಲ್ಲ ನಿಜ, ಆದರೆ ನಮಗೆ ಬೇಕಿರುವುದು ಎರಡು ಟ್ರ್ಯಾಕ್‌ಗಳ ನಡುವಿನ ಅಂತರ ಮಾತ್ರ. ಅದೇ ಫೋನ್ ಅದೇ ಜಾಗದಲ್ಲಿ ಇಟ್ಟರೆ ಅಂತರ ಸರಿಯಾಗಿಯೇ ಸಿಗುತ್ತದೆ. ಇದರ ಜೊತೆ ರಿಮೋಟ್ ಹಿಡಿಯಲು ಇನ್ನೊಬ್ಬರು ಬೇಕು. ಈ ಕೊನೆಯದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ಹೋಲಿಕೆಯ ಅರ್ಧ ಬೆಲೆ ಹೋಗುವುದು ಅಲ್ಲೇ. ಫೈಲ್‌ಗಳಿಂದ ಹೋಲಿಸುವವರಿಗೆ ಮೀಡಿಯಾಇನ್ಫೋ (ಫೈಲ್ ಒಳಗೆ ಯಾವ ಟ್ರ್ಯಾಕ್ ಇದೆ ಎಂದು ತೋರಿಸುತ್ತದೆ) ಮತ್ತು ಎಫ್‌ಎಫ್‌ಎಂಪೆಗ್ (ಫಾರ್ಮ್ಯಾಟ್ ಬದಲಿಸುತ್ತದೆ) ಎಂಬ ಎರಡು ಉಚಿತ ಸಾಫ್ಟ್‌ವೇರ್ ಬೇಕಾಗುತ್ತವೆ.

ಹಂತ 1: ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದ್ದೀರಿ, ಬರೆದಿಟ್ಟುಕೊಳ್ಳಿ

ಹೆಸರುಗಳು ಹತ್ತಾರು ಇದ್ದರೂ ಕೆಲಸದ ದೃಷ್ಟಿಯಿಂದ ಗುಂಪು ಮೂರೇ.

ಮೊದಲನೆಯದು ಲಾಸಿ. ಜಾಗ ಉಳಿಸಲು ಸ್ವಲ್ಪ ಮಾಹಿತಿಯನ್ನು ಬಿಸಾಕಿರುತ್ತಾರೆ. ಡಾಲ್ಬಿ ಡಿಜಿಟಲ್ ಡಿವಿಡಿಯಲ್ಲಿ 448 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ತನಕ, ಬ್ಲೂ-ರೇಯಲ್ಲಿ 640 ಕೆಬಿಪಿಎಸ್ ತನಕ ಹೋಗುತ್ತದೆ. ಮಾಮೂಲಿ ಡಿಟಿಎಸ್ 1509 ಕೆಬಿಪಿಎಸ್, ಅದರ ಅರ್ಧ ದರದ್ದು 754 ಕೆಬಿಪಿಎಸ್ ಆಸುಪಾಸು. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್. 1509 ಎಂಬುದು 640ಕ್ಕಿಂತ ದೊಡ್ಡದು, ಹಾಗಾಗಿ ಡಿಟಿಎಸ್ ಎರಡು ಪಟ್ಟು ಚೆನ್ನಾಗಿರಬೇಕು ಅಂತ ಲೆಕ್ಕ ಹಾಕಬೇಡಿ. ಪ್ರತಿ ಕೋಡೆಕ್ (ಶಬ್ದವನ್ನು ಕುಗ್ಗಿಸಿ ಮತ್ತೆ ಬಿಚ್ಚುವ ವಿಧಾನ) ಬಿಟ್‌ಗಳನ್ನು ಬಳಸುವ ರೀತಿ ಬೇರೆ. ಡಾಲ್ಬಿಯದೇ ಪ್ಲಸ್, ಹಳೆಯ ಡಾಲ್ಬಿ ಡಿಜಿಟಲ್‌ಗಿಂತ ಕಡಿಮೆ ಬಿಟ್‌ನಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ. ಬಿಟ್‌ರೇಟ್ ಹೋಲಿಕೆ ಒಂದೇ ಕೋಡೆಕ್ ಒಳಗೆ ಮಾತ್ರ ಅರ್ಥಪೂರ್ಣ.

ಎರಡನೆಯದು ಲಾಸ್‌ಲೆಸ್, ಅಂದರೆ ಏನನ್ನೂ ಬಿಸಾಕದ್ದು. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ, ಫ್ಲಾಕ್, ಮತ್ತೆ ಕುಗ್ಗಿಸದೆ ಇಟ್ಟ ಪಿಸಿಎಂ. ಒಂದೇ ಮಾಸ್ಟರ್‌ನಿಂದ (ಸ್ಟುಡಿಯೋದ ಮೂಲ ಪ್ರತಿ) ಮಾಡಿದ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡನ್ನೂ ಬಿಚ್ಚಿದರೆ ಒಂದೇ ಸ್ಯಾಂಪಲ್‌ಗಳು ಹೊರಗೆ ಬರುತ್ತವೆ, ಒಂದು ಬಿಟ್ಟೂ ಆಚೀಚೆ ಇಲ್ಲ. ಇವೆರಡರ ನಡುವೆ ವ್ಯತ್ಯಾಸ ಕೇಳಿಸಿತು ಅಂದರೆ ಮಟ್ಟ, ಮಿಕ್ಸ್ ಅಥವಾ ಸೆಟ್ಟಿಂಗ್‌ನಲ್ಲಿ ಏನೋ ಬೇರೆ ಇದೆ ಅಂತ ಅರ್ಥ. ಹುಡುಕಿ, ಸಿಗುತ್ತದೆ.

ಮೂರನೆಯದು ಆಬ್ಜೆಕ್ಟ್ ಆಧಾರಿತ ಫಾರ್ಮ್ಯಾಟ್‌ಗಳು, ಅಂದರೆ ಡಾಲ್ಬಿ ಅಟ್ಮಾಸ್, ಡಿಟಿಎಸ್:ಎಕ್ಸ್. ಇಲ್ಲಿ ಬಹಳ ಜನ ಎಡವುತ್ತಾರೆ. ಅಟ್ಮಾಸ್ ಎಂಬುದು ಗುಣಮಟ್ಟದ ಮೆಟ್ಟಿಲಲ್ಲ, ಶಬ್ದ ಎಲ್ಲಿಂದ ಬರಬೇಕು ಎಂಬ ಹೆಚ್ಚುವರಿ ಮಾಹಿತಿ. ಡಿಸ್ಕ್‌ನಲ್ಲಿ ಅದು ಟ್ರೂಎಚ್‌ಡಿ ಮೇಲೆ ಕೂತು ಬರುತ್ತದೆ, ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಲಾಸಿ ಡಾಲ್ಬಿ ಡಿಜಿಟಲ್ ಪ್ಲಸ್ ಮೇಲೆ. "ಅಟ್ಮಾಸ್ ಮೇಲೋ ಡಿಟಿಎಸ್-ಎಚ್‌ಡಿ ಮೇಲೋ" ಎಂಬ ಪ್ರಶ್ನೆ ಹಾಗಾಗಿ ಎರಡು ಪ್ರಶ್ನೆಗಳ ಗಂಟು. ಬಿಡಿಸಿ, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿ.

ಹಂತ 2: ರಿಸೀವರ್‌ಗೆ ನಿಜವಾಗಿ ಏನು ತಲುಪುತ್ತಿದೆ, ನೋಡಿ

ಡಿಸ್ಕ್‌ನ ಡಬ್ಬಿ ಮೇಲೆ ಬರೆದದ್ದನ್ನು ನಂಬಬೇಡಿ, ಟಿವಿ ಮೂಲೆಯಲ್ಲಿ ಬರುವ ಲೋಗೋವನ್ನೂ ನಂಬಬೇಡಿ. ನಂಬಬೇಕಾದದ್ದು ರಿಸೀವರ್ ತೋರಿಸುವ ಒಳಬರುವ ಸಿಗ್ನಲ್‌ನ ಹೆಸರು. ರಿಮೋಟ್‌ನ ಇನ್ಫೋ ಅಥವಾ ಸ್ಟೇಟಸ್ ಬಟನ್ ಒತ್ತಿದರೆ ಸಿಗುತ್ತದೆ.

ಆಪ್ಟಿಕಲ್ ಕೇಬಲ್ ಎರಡು ಚಾನೆಲ್ ಪಿಸಿಎಂ, ಡಾಲ್ಬಿ ಡಿಜಿಟಲ್, ಮಾಮೂಲಿ ಡಿಟಿಎಸ್ ಇಷ್ಟನ್ನೇ ಒಯ್ಯುತ್ತದೆ. ಟ್ರೂಎಚ್‌ಡಿಯಾಗಲಿ ಡಿಟಿಎಸ್-ಎಚ್‌ಡಿಯಾಗಲಿ ಡಾಲ್ಬಿ ಪ್ಲಸ್ ಆಗಲಿ ಅದರಲ್ಲಿ ಹೋಗುವುದಿಲ್ಲ. ಟಿವಿಯ ಎಆರ್‌ಸಿ ಪೋರ್ಟ್ (ಟಿವಿಯಿಂದ ರಿಸೀವರ್‌ಗೆ ಶಬ್ದ ಕಳಿಸುವ ಎಚ್‌ಡಿಎಂಐ) ಇದಕ್ಕಿಂತ ಒಂದು ಹೆಜ್ಜೆ ಮುಂದೆ: ಡಾಲ್ಬಿ ಡಿಜಿಟಲ್ ಪ್ಲಸ್ ಹೋಗುತ್ತದೆ, ಅದರ ಜೊತೆ ಸ್ಟ್ರೀಮಿಂಗ್ ಅಟ್ಮಾಸ್ ಕೂಡ ಹೋಗಬಲ್ಲದು. ಲಾಸ್‌ಲೆಸ್ ಬೇಕಾದರೆ ಅದರ ಸುಧಾರಿತ ರೂಪವಾದ ಇ-ಎಆರ್‌ಸಿ ಬೇಕು, ಇಲ್ಲವೇ ಪ್ಲೇಯರನ್ನು ನೇರ ರಿಸೀವರ್‌ಗೆ ಜೋಡಿಸಬೇಕು. ಕೆಲವು ಟಿವಿಗಳು ಡಿಟಿಎಸ್ ಅನ್ನು ಮುಂದಕ್ಕೆ ಕಳಿಸುವುದೇ ಇಲ್ಲ. ಹೋಲಿಕೆಗೆ ಕೂರುವಾಗ ನನ್ನ ಸಲಹೆ ಒಂದೇ: ಟಿವಿಯನ್ನು ಆಡಿಯೋ ದಾರಿಯಿಂದ ಪೂರ್ತಿ ತೆಗೆದುಬಿಡಿ.

ಇನ್ನು ಪ್ಲೇಯರ್ ಸೆಟ್ಟಿಂಗ್. ಡಿಜಿಟಲ್ ಔಟ್‌ಪುಟ್ ಅನ್ನು ಬಿಟ್‌ಸ್ಟ್ರೀಮ್‌ಗೆ ಇಡಿ. ಪಿಸಿಎಂಗೆ ಇಟ್ಟರೆ ಪ್ಲೇಯರೇ ಬಿಚ್ಚಿ ಕಳಿಸುತ್ತದೆ, ಆಗ ಅಟ್ಮಾಸ್‌ನ ಆಬ್ಜೆಕ್ಟ್ ಮಾಹಿತಿ ಅಲ್ಲೇ ಬಿದ್ದುಹೋಗುತ್ತದೆ. ಅದಕ್ಕಿಂತ ಹೆಚ್ಚು ಜನರನ್ನು ಕಾಡುವುದು ಸೆಕೆಂಡರಿ ಆಡಿಯೋ ಎಂಬ ಆಯ್ಕೆ. ಬ್ಲೂ-ರೇ ಮೆನುವಿನ ಕ್ಲಿಕ್ ಸದ್ದು, ನಿರ್ದೇಶಕರ ವಿವರಣೆ ಇವನ್ನು ಮುಖ್ಯ ಟ್ರ್ಯಾಕ್ ಜೊತೆ ಬೆರೆಸಲು ಇರುವ ಸೌಲಭ್ಯ ಇದು. ಆನ್ ಇದ್ದರೆ ಪ್ಲೇಯರ್ ಲಾಸ್‌ಲೆಸ್ ಟ್ರ್ಯಾಕನ್ನು ಬಿಚ್ಚಿ, ಬೆರೆಸಿ, ಮತ್ತೆ ಮಾಮೂಲಿ ಡಾಲ್ಬಿ ಅಥವಾ ಡಿಟಿಎಸ್ ಮಾಡಿ ಕಳಿಸುತ್ತದೆ. ನೀವು ಟ್ರೂಎಚ್‌ಡಿ ಆಯ್ಕೆ ಮಾಡಿದ್ದೀರಿ, ಕೇಳುತ್ತಿರುವುದು ಮಾತ್ರ ಬೇರೆ. ಇದನ್ನು ಆಫ್ ಮಾಡಿ.

ಎಚ್ಚರಿಕೆಯ ಗುರುತುಗಳು: ಎಲ್ಲ ಟ್ರ್ಯಾಕ್‌ಗೂ ರಿಸೀವರ್ ಒಂದೇ ಹೆಸರು ತೋರಿಸುತ್ತಿದ್ದರೆ, ಅಥವಾ ಬರೀ ಪಿಸಿಎಂ ಎಂದು ತೋರಿಸಿದರೆ, ನಿಂತು ನೋಡಿ. ಕೆಲವು ಸ್ಟ್ರೀಮಿಂಗ್ ಪೆಟ್ಟಿಗೆಗಳು ಸರೌಂಡನ್ನು ತಾವೇ ಬಿಚ್ಚಿ ಹಲವು ಚಾನೆಲ್ ಪಿಸಿಎಂ ಆಗಿ ಕಳಿಸುತ್ತವೆ, ಅದು ದೋಷವಲ್ಲ. ಎರಡೇ ಚಾನೆಲ್ ಎಂದು ಬಂದರೆ ಮಾತ್ರ ದಾರಿಯಲ್ಲಿ ಎಲ್ಲೋ ತೊಂದರೆ ಇದೆ. ಇನ್ನೊಂದು ಮಾತು, ಇದು ಗಂಭೀರವಾದದ್ದು: ಡಿಟಿಎಸ್ ಸಿಡಿ ಅಥವಾ ಫೈಲನ್ನು ಪಿಸಿಎಂ ಎಂದು ತಪ್ಪಾಗಿ ತಿಳಿದು ನುಡಿಸಿದರೆ ಸ್ಪೀಕರ್‌ನಿಂದ ಜೋರಾದ ಬಿಳಿ ಗದ್ದಲ ಬರುತ್ತದೆ. ಟ್ವೀಟರ್ (ಸ್ಪೀಕರ್‌ನಲ್ಲಿ ಚೂಪು ಸದ್ದು ನುಡಿಸುವ ಭಾಗ) ಸುಟ್ಟುಹೋಗಬಹುದು. ಹೊಸ ಜೋಡಣೆಯನ್ನು ಮೊದಲ ಸಲ ನುಡಿಸುವಾಗ ವಾಲ್ಯೂಮ್ ಪೂರ್ತಿ ಇಳಿಸಿಯೇ ಶುರು ಮಾಡಿ.

ಹಂತ 3: ಸ್ಪೀಕರ್ ಜಾಗ ಮತ್ತು ಮಟ್ಟ

ಕೂರುವ ಜಾಗದಿಂದ ನೋಡಿದರೆ ಮುಂದಿನ ಎಡ ಬಲ ಸ್ಪೀಕರ್‌ಗಳು ನಡುಗೆರೆಯಿಂದ 30 ಡಿಗ್ರಿ ಆಸುಪಾಸು, 5.1 ವ್ಯವಸ್ಥೆಯ (ಐದು ಸ್ಪೀಕರ್, ಒಂದು ಸಬ್‌ವೂಫರ್) ಸರೌಂಡ್‌ಗಳು 110 ಡಿಗ್ರಿ ಆಸುಪಾಸು, ಅಂದರೆ ಕಿವಿಗಿಂತ ಸ್ವಲ್ಪ ಹಿಂದೆ. 7.1 ಆದರೆ ಪಕ್ಕದವು 90ರಿಂದ 110, ಹಿಂದಿನವು 135ರಿಂದ 150. ಪ್ರತಿ ಸ್ಪೀಕರ್‌ನ ದೂರವನ್ನು ಟೇಪಿನಲ್ಲಿ ಅಳೆದು ರಿಸೀವರ್‌ಗೆ ಹಾಕಿ. ಆಮೇಲೆ ಟೆಸ್ಟ್ ಟೋನ್ ಹಾಕಿ, ಮೀಟರ್‌ನ ಸೆಟ್ಟಿಂಗ್ ಸಿ ವೇಟಿಂಗ್, ಸ್ಲೋ ಎಂದು ಇಟ್ಟು ಎಲ್ಲ ಚಾನೆಲ್ ಒಂದೇ ಮಟ್ಟಕ್ಕೆ ತನ್ನಿ. 75 ಡಿಬಿ ರೂಢಿಯ ಸಂಖ್ಯೆ.

ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಶಬ್ದ ಸಬ್‌ವೂಫರ್‌ಗೆ ಹೋಗುತ್ತದೆ) 80 ಹರ್ಟ್ಸ್‌ನಿಂದ ಶುರು ಮಾಡಿ. ಸಬ್‌ವೂಫರ್ ವಿಚಾರದಲ್ಲಿ ಗಮನ ಬೇಕು. 5.1ರಲ್ಲಿ ಆ ".1" ಚಾನೆಲ್ಲನ್ನು ಉಳಿದವುಗಳಿಗಿಂತ 10 ಡಿಬಿ ಜಾಸ್ತಿ ನುಡಿಸಬೇಕು ಎಂಬ ಒಪ್ಪಂದದಲ್ಲೇ ರೆಕಾರ್ಡ್ ಮಾಡಿರುತ್ತಾರೆ. ಎಚ್‌ಡಿಎಂಐನಲ್ಲಿ ಬಿಟ್‌ಸ್ಟ್ರೀಮ್ ಹೋದರೆ ರಿಸೀವರ್ ಅದನ್ನು ನೋಡಿಕೊಳ್ಳುತ್ತದೆ. ಹಳೆಯ ಎಸ್‌ಎಸಿಡಿ ಅಥವಾ ಡಿವಿಡಿ-ಆಡಿಯೋ (ಎರಡೂ ಸಂಗೀತದ ಡಿಸ್ಕ್‌ಗಳು) ಪ್ಲೇಯರನ್ನು ಆರು ಅನಲಾಗ್ ತಂತಿಗಳಲ್ಲಿ ಜೋಡಿಸಿದಾಗ ಈ 10 ಡಿಬಿ ಎಷ್ಟೋ ಸಲ ಸಿಗುವುದಿಲ್ಲ. "ಎಸ್‌ಎಸಿಡಿಯಲ್ಲಿ ಬಾಸ್ ತೆಳು" ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಹಂತ 4: ರಿಸೀವರ್‌ನ ಸ್ವಂತ ಬುದ್ಧಿಯನ್ನು ಆಫ್ ಮಾಡಿ

ನೈಟ್ ಮೋಡ್, ಡೈನಮಿಕ್ ವಾಲ್ಯೂಮ್, ಡೈಲಾಗ್ ಎನ್‌ಹಾನ್ಸರ್, ಡೈನಮಿಕ್ ರೇಂಜ್ ಕಂಪ್ರೆಷನ್ (ಜೋರು ಮೆಲು ಅಂತರ ಕುಗ್ಗಿಸುವುದು), ಸಿನಿಮಾ ಮೋಡ್, ಹಾಲ್ ಎಫೆಕ್ಟ್ ಎಲ್ಲ ಆಫ್. ಡಾಲ್ಬಿಗೆ ಸಂಬಂಧಿಸಿದ ಲೌಡ್‌ನೆಸ್ ಮ್ಯಾನೇಜ್‌ಮೆಂಟ್ ಬೇರೆ ಕಡೆ ಅಡಗಿರುತ್ತದೆ, ಅದನ್ನೂ ಹುಡುಕಿ ಆಫ್ ಮಾಡಿ. ಡಾಲ್ಬಿ ಸರೌಂಡ್, ನ್ಯೂರಲ್:ಎಕ್ಸ್ ತರದ ಅಪ್‌ಮಿಕ್ಸರ್‌ಗಳು (ಕಡಿಮೆ ಚಾನೆಲ್‌ನ ಶಬ್ದವನ್ನು ಹೆಚ್ಚು ಸ್ಪೀಕರ್‌ಗಳಿಗೆ ಹರಡುವ ಸೌಲಭ್ಯ) ಆನ್ ಇದ್ದರೆ 5.1 ಟ್ರ್ಯಾಕ್ ಕೂಡ ಮೇಲಿನ ಸ್ಪೀಕರ್‌ಗಳಿಂದ ಕೇಳಿಸುತ್ತದೆ. ಅದನ್ನು ಕೇಳಿ ಅಟ್ಮಾಸ್ ಜೊತೆ ಹೋಲಿಸಿದರೆ ಅಪ್‌ಮಿಕ್ಸರನ್ನು ಹೋಲಿಸಿದಂತಾಯಿತು.

ರಿಸೀವರ್‌ಗಳು ಪ್ರತಿ ಬಗೆಯ ಸಿಗ್ನಲ್‌ಗೂ ಬೇರೆ ಬೇರೆ ಮೋಡ್ ನೆನಪಿಟ್ಟುಕೊಳ್ಳುತ್ತವೆ. ಡಾಲ್ಬಿಗೆ ಆಫ್ ಮಾಡಿದ್ದು ಡಿಟಿಎಸ್‌ಗೆ ಅನ್ವಯಿಸದೆ ಇರಬಹುದು. ಎರಡನ್ನೂ ನುಡಿಸಿ ಎರಡರಲ್ಲೂ ನೋಡಿ. ಡೈರೆಕ್ಟ್ ಬಟನ್ ಒತ್ತಿದರೆ ಎಲ್ಲ ಮುಗಿಯುತ್ತದಲ್ಲ ಅನ್ನಿಸಬಹುದು, ಆದರೆ ಕೆಲವು ರಿಸೀವರ್‌ಗಳಲ್ಲಿ ಅದು ಬಾಸ್ ಮ್ಯಾನೇಜ್‌ಮೆಂಟನ್ನೂ ತೆಗೆದುಬಿಡುತ್ತದೆ. ಆಗ ಸಣ್ಣ ಸ್ಪೀಕರ್‌ಗಳ ಬಾಸ್ ಸಬ್‌ವೂಫರ್‌ಗೆ ಹೋಗುವುದೇ ಇಲ್ಲ. ರೂಮ್ ಕರೆಕ್ಷನ್ (ಕೋಣೆಗೆ ತಕ್ಕಂತೆ ಶಬ್ದ ತಿದ್ದುವ ಸೌಲಭ್ಯ) ಆನ್ ಇರಲಿ ಆಫ್ ಇರಲಿ, ಎರಡೂ ಟ್ರ್ಯಾಕ್‌ಗೆ ಒಂದೇ ತರ ಇದ್ದರೆ ಸಾಕು.

ಹಂತ 5: ಒಂದೇ ಮಿಕ್ಸ್ ಸಿಗುವಂತೆ ಮಾಡಿಕೊಳ್ಳಿ

ಇದೇ ಎಲ್ಲಕ್ಕಿಂತ ಕಷ್ಟದ ಹಂತ, ಬಹುಪಾಲು ಹೋಲಿಕೆಗಳು ಬಿದ್ದುಹೋಗುವುದೂ ಇಲ್ಲೇ. ಒಂದೇ ಆಲ್ಬಮ್‌ನ ಎಸ್‌ಎಸಿಡಿ, ಬ್ಲೂ-ರೇ, ಸ್ಟ್ರೀಮಿಂಗ್ ಅಟ್ಮಾಸ್ ಮೂರನ್ನೂ ಮೂರು ಬೇರೆ ಎಂಜಿನಿಯರ್‌ಗಳು ಬೇರೆ ಬೇರೆ ಕಾಲದಲ್ಲಿ ಮಿಕ್ಸ್ ಮಾಡಿರಬಹುದು. ಒಬ್ಬರು ಹಿನ್ನೆಲೆ ಗಾಯನವನ್ನು ಹಿಂದೆ ಇಟ್ಟಿರುತ್ತಾರೆ, ಇನ್ನೊಬ್ಬರು ಸರೌಂಡ್‌ಗೆ ಬರೀ ಪ್ರತಿಧ್ವನಿ ಬಿಟ್ಟಿರುತ್ತಾರೆ. ಇಂಥ ವ್ಯತ್ಯಾಸದ ಮುಂದೆ ಕೋಡೆಕ್‌ನ ವ್ಯತ್ಯಾಸ ಏನೇನೂ ಅಲ್ಲ. ಹಾಗಾದರೆ ಒಂದೇ ಮಿಕ್ಸ್ ಎಲ್ಲಿ ಸಿಗುತ್ತದೆ? ನನಗೆ ಗೊತ್ತಿರುವ ಒಳ್ಳೆಯ ದಾರಿಗಳು ಮೂರು.

ಮೊದಲ ದಾರಿ ತುಂಬ ಸರಳ, ಯಾರೂ ಮಾಡುವುದಿಲ್ಲ. ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಟ್ರ್ಯಾಕ್‌ನ ಒಳಗೇ ಮಾಮೂಲಿ ಡಿಟಿಎಸ್ ಒಂದು ಕೋರ್ ಆಗಿ ಕೂತಿರುತ್ತದೆ. ಪ್ಲೇಯರನ್ನು ಎಚ್‌ಡಿಎಂಐ ಮತ್ತು ಆಪ್ಟಿಕಲ್ ಎರಡರಲ್ಲೂ ರಿಸೀವರ್‌ಗೆ ಜೋಡಿಸಿ. ಎಚ್‌ಡಿಎಂಐನಲ್ಲಿ ಪೂರ್ತಿ ಲಾಸ್‌ಲೆಸ್ ಬರುತ್ತದೆ, ಆಪ್ಟಿಕಲ್‌ನಲ್ಲಿ ಕೋರ್ ಮಾತ್ರ. ಅದೇ ಡಿಸ್ಕ್, ಅದೇ ಮಿಕ್ಸ್. ಬದಲಿಸುವುದು ರಿಸೀವರ್ ಇನ್‌ಪುಟ್ ಅಷ್ಟೇ. ಎರಡೂ ಇನ್‌ಪುಟ್‌ಗಳ ಸೆಟ್ಟಿಂಗ್ ಒಂದೇ ಇದೆಯಾ ನೋಡಿಕೊಳ್ಳಿ. 5.1, 48 ಕಿಲೋಹರ್ಟ್ಸ್‌ನ ಟ್ರ್ಯಾಕ್ ಆರಿಸಿ, ಯಾಕೆಂದರೆ 7.1 ಆದರೆ ಕೋರ್ 5.1ಕ್ಕೆ ಇಳಿದಿರುತ್ತದೆ, ಹೋಲಿಕೆ ಹದ ತಪ್ಪುತ್ತದೆ. ಟ್ರೂಎಚ್‌ಡಿ ಬ್ಲೂ-ರೇಯಲ್ಲೂ ಜೊತೆಗೊಂದು ಡಾಲ್ಬಿ ಡಿಜಿಟಲ್ ಇದ್ದೇ ಇರುತ್ತದೆ, ಆಪ್ಟಿಕಲ್‌ನಲ್ಲಿ ಬರುವುದು ಅದೇ. ಆದರೆ ಅದು ಬೇರೆಯಾಗಿ ಎನ್‌ಕೋಡ್ ಆದದ್ದು, ಮಟ್ಟ ಬೇರೆ ಇರಬಹುದು.

ಎರಡನೆಯ ದಾರಿ ಕಂಪ್ಯೂಟರ್. ನಿಮ್ಮ ಬಳಿ ಇರುವ ಒಂದು ಲಾಸ್‌ಲೆಸ್ ಸರೌಂಡ್ ಫೈಲ್ ತೆಗೆದುಕೊಂಡು ಎಫ್‌ಎಫ್‌ಎಂಪೆಗ್‌ನಲ್ಲಿ ಡಾಲ್ಬಿ ಡಿಜಿಟಲ್ 448 ಮತ್ತು 640ಕ್ಕೆ ಬದಲಿಸಿ. ಆಮೇಲೆ ಅವನ್ನು ಮತ್ತೆ ಫ್ಲಾಕ್‌ಗೆ ಬಿಚ್ಚಿ. ಬಿಚ್ಚುವಾಗ ಡಿಆರ್‌ಸಿ ಸ್ಕೇಲ್ ಎಂಬ ಆಯ್ಕೆಯನ್ನು ಸೊನ್ನೆಗೆ ಇಡಲು ಮರೆಯಬೇಡಿ, ಇಲ್ಲದಿದ್ದರೆ ಡೈನಮಿಕ್ ರೇಂಜ್ ಕಂಪ್ರೆಷನ್ ಮಾಹಿತಿ ಇರುವ ಫೈಲ್‌ಗಳಲ್ಲಿ ಅದು ಸುಮ್ನೆ ಕೂತು ಮಟ್ಟ ಬದಲಿಸುತ್ತದೆ. ಈಗ ಎಲ್ಲ ಫೈಲ್‌ಗಳೂ ರಿಸೀವರ್‌ಗೆ ಪಿಸಿಎಂ ಆಗಿಯೇ ಕಾಣುತ್ತವೆ. ಮೋಡ್ ಬದಲಾಗುವುದಿಲ್ಲ, ಪ್ಯಾನೆಲ್ ಮೇಲೆ ಹೆಸರು ಬದಲಾಗುವುದಿಲ್ಲ, ನಡುವೆ ನಿಶ್ಶಬ್ದವೂ ಬರುವುದಿಲ್ಲ. ಕೋಡೆಕ್ ಏನು ಕಳೆದಿದೆ ಎಂಬುದು ಮಾತ್ರ ಉಳಿಯುತ್ತದೆ. ಎನ್‌ಕೋಡ್ ಮಾಡಿದಾಗ ಫೈಲ್ ಸ್ವಲ್ಪ ಹಿಂದೆ ಮುಂದೆ ಸರಿದಿರುತ್ತದೆ, ಆಡಿಯೋ ಎಡಿಟರ್‌ನಲ್ಲಿ ಎರಡನ್ನೂ ಒಂದೇ ಬಿಂದುವಿಗೆ ಹೊಂದಿಸಿ. ಇಲ್ಲದಿದ್ದರೆ ಬದಲಿಸಿದಾಗ ಆಗುವ ಸಣ್ಣ ಜಿಗಿತವೇ ಯಾವುದು ಯಾವುದೆಂದು ಹೇಳಿಬಿಡುತ್ತದೆ.

ಮೂರನೆಯ ದಾರಿ ಅಟ್ಮಾಸ್‌ಗೆ. ಮೇಲಿನ ಸ್ಪೀಕರ್‌ಗಳಿಂದ ಏನು ಸೇರುತ್ತದೆ ಎಂದು ತಿಳಿಯಬೇಕಾದರೆ ಬೇರೆ 5.1 ಟ್ರ್ಯಾಕ್ ಹುಡುಕಬೇಡಿ. ಅದೇ ಅಟ್ಮಾಸ್ ಟ್ರ್ಯಾಕ್ ಹಾಕಿ, ರಿಸೀವರ್‌ನ ಸ್ಪೀಕರ್ ಸೆಟಪ್‌ನಲ್ಲಿ ಮೇಲಿನ ಸ್ಪೀಕರ್‌ಗಳು ಇಲ್ಲ ಎಂದು ಹಾಕಿ. ಮೇಲಿನ ಶಬ್ದಗಳು ಕಳೆದುಹೋಗುವುದಿಲ್ಲ, ಕಿವಿಮಟ್ಟದ ಸ್ಪೀಕರ್‌ಗಳಿಗೆ ಇಳಿಯುತ್ತವೆ. ಆಗ ಕೇಳುವ ವ್ಯತ್ಯಾಸ ಎತ್ತರದ್ದೇ, ಮಿಕ್ಸ್‌ನದ್ದಲ್ಲ.

ಹಂತ 6: ಮಟ್ಟ ಸರಿಹೊಂದಿಸಿ

ಡಾಲ್ಬಿ ಟ್ರ್ಯಾಕ್‌ನಲ್ಲಿ ಡೈಲಾಗ್ ನಾರ್ಮಲೈಸೇಷನ್ ಎಂಬ ಒಂದು ಸಂಖ್ಯೆ ಬರೆದಿರುತ್ತದೆ. ಮಾತಿನ ಸರಾಸರಿ ಮಟ್ಟ ಎಷ್ಟು ಎಂದು ಅದು ಡಿಕೋಡರ್‌ಗೆ ಹೇಳುತ್ತದೆ, ಡಿಕೋಡರ್ ಅದನ್ನು ನೋಡಿ ಇಡೀ ಟ್ರ್ಯಾಕನ್ನು ಮೈನಸ್ 31ರ ಮಟ್ಟಕ್ಕೆ ತಗ್ಗಿಸುತ್ತದೆ. ಸಂಖ್ಯೆ ಮೈನಸ್ 27 ಇದ್ದರೆ 4 ಡಿಬಿ ಇಳಿಯುತ್ತದೆ. ಡಿಟಿಎಸ್ ಟ್ರ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಇಂಥ ಇಳಿಕೆ ಇರುವುದಿಲ್ಲ. "ಡಿಟಿಎಸ್‌ನಲ್ಲಿ ಪಂಚ್ ಜಾಸ್ತಿ" ಎಂಬ ಮಾತಿನ ಹಿಂದೆ ಇರುವುದು ಜಾಸ್ತಿ ಪಾಲು ಇದೇ. ಎಲ್ಲ ಚಾನೆಲ್ ಒಟ್ಟಿಗೆ ಇಳಿಯುವುದರಿಂದ ಗುಣಮಟ್ಟಕ್ಕೆ ಏನೂ ಆಗಿರುವುದಿಲ್ಲ, ವಾಲ್ಯೂಮ್ ಏರಿಸಿದರೆ ಎಲ್ಲವೂ ವಾಪಸ್ ಬರುತ್ತದೆ. ಕೆಲವು ರಿಸೀವರ್‌ಗಳು ಟ್ರ್ಯಾಕ್ ಶುರುವಾದಾಗ ಈ 4 ಡಿಬಿಯನ್ನು ಪ್ಯಾನೆಲ್ ಮೇಲೆ ಒಂದು ಕ್ಷಣ ತೋರಿಸುತ್ತವೆ.

ಮೀಟರನ್ನು ತಲೆ ಇರುವ ಜಾಗದಲ್ಲಿ ಸ್ಟ್ಯಾಂಡ್ ಮೇಲೆ ಇಡಿ, ಕೈಯಲ್ಲಿ ಹಿಡಿಯಬೇಡಿ. ಏರಿಳಿತ ಕಡಿಮೆ ಇರುವ ಒಂದು ನಿಮಿಷದ ಭಾಗ ಆರಿಸಿ, ಎರಡೂ ಟ್ರ್ಯಾಕ್‌ನಲ್ಲಿ ಅದನ್ನೇ ನುಡಿಸಿ ಸರಾಸರಿ ಬರೆದುಕೊಳ್ಳಿ, ಕಡಿಮೆ ಇರುವುದನ್ನು ಏರಿಸಿ. ರಿಸೀವರ್ ವಾಲ್ಯೂಮ್ ಸಾಮಾನ್ಯವಾಗಿ ಅರ್ಧ ಡಿಬಿ ಹೆಜ್ಜೆಯಲ್ಲಿ ಚಲಿಸುತ್ತದೆ, ಅಷ್ಟಾದರೂ ಹತ್ತಿರ ಬರಲೇಬೇಕು. ಫೈಲ್ ದಾರಿಯಲ್ಲಿ ಇನ್ನೂ ನಿಖರವಾಗಿ ಮಾಡಬಹುದು. ಅರ್ಧ ಡಿಬಿ ಫರಕನ್ನು ಕಿವಿ "ಜೋರು" ಅಂತ ಗುರುತಿಸುವುದಿಲ್ಲ, "ಸ್ಪಷ್ಟ" ಅಂತಲೋ "ಆಳ" ಅಂತಲೋ ಗುರುತಿಸುತ್ತದೆ. ಮೋಸ ಆಗುವುದು ಹಾಗೇ.

ಹಂತ 7: ಹೆಸರು ಗೊತ್ತಿಲ್ಲದೆ ಕೇಳಿ

ರಿಸೀವರ್ ಪ್ಯಾನೆಲ್‌ಗೆ ಒಂದು ಕಾಗದ ಅಂಟಿಸಿ. ಸಹಾಯಕ್ಕೆ ಬಂದವರು ನಾಣ್ಯ ಚಿಮ್ಮಿ ಯಾವ ಟ್ರ್ಯಾಕ್ ಎಂದು ನಿರ್ಧರಿಸಿ ಬರೆದುಕೊಳ್ಳಲಿ, ನಿಮಗೆ ಹೇಳಬಾರದು. ನೀವು ಎ ಅಥವಾ ಬಿ ಎಂದು ಬರೆಯಿರಿ. ತುಣುಕು ಹತ್ತರಿಂದ ಹದಿನೈದು ಸೆಕೆಂಡ್ ಇದ್ದರೆ ಸಾಕು, ಶಬ್ದದ ಸೂಕ್ಷ್ಮ ವಿವರದ ನೆನಪು ಬೇಗ ಮಾಸುತ್ತದೆ. ಒಂದು ಇಡೀ ಸಿನಿಮಾವನ್ನು ಇಂದು ಒಂದರಲ್ಲಿ, ಮರುದಿನ ಇನ್ನೊಂದರಲ್ಲಿ ನೋಡಿ ಹೋಲಿಸುವವರಿದ್ದಾರೆ, ಅದರಿಂದ ಏನೂ ತಿಳಿಯುವುದಿಲ್ಲ.

ಹತ್ತು ಸಲದಲ್ಲಿ ಆರು ಸರಿ ಬಂದರೆ ಖುಷಿ ಪಡಬೇಡಿ. ಏನೂ ಕೇಳಿಸದೆ ಬರೀ ಊಹೆ ಮಾಡಿದರೂ ಆರು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವ ಸಾಧ್ಯತೆ ಶೇ 38ರಷ್ಟಿದೆ. ಹತ್ತಕ್ಕೆ ಒಂಬತ್ತು ಬಂದರೆ ಆ ಸಾಧ್ಯತೆ ಶೇ 1ಕ್ಕೆ ಇಳಿಯುತ್ತದೆ. ಹದಿನಾರು ಸಲ ಮಾಡುವ ತಾಳ್ಮೆ ಇದ್ದರೆ ಹನ್ನೆರಡು ಸರಿ ಬಂದರೂ ಸಾಕು. ಎಷ್ಟು ಸಲ ಮಾಡುತ್ತೀರಿ ಎಂದು ಮೊದಲೇ ಹೇಳಿಟ್ಟುಕೊಳ್ಳಿ, ಒಳ್ಳೆಯ ಅಂಕ ಬಂದಾಗ ನಿಲ್ಲಿಸುವುದು ಲೆಕ್ಕಕ್ಕೆ ಬರುವುದಿಲ್ಲ.

ಎಚ್ಚರಿಕೆಯ ಗುರುತು: ಬದಲಿಸುವಾಗ ರಿಸೀವರ್ ಒಳಗೆ ಟಕ್ ಎಂದು ರಿಲೇ ಸದ್ದು, ಅಥವಾ ಒಂದಕ್ಕೆ ಮಾತ್ರ ಉದ್ದ ನಿಶ್ಶಬ್ದ. ಇವು ಉತ್ತರ ಹೇಳಿಬಿಡುತ್ತವೆ. ಹತ್ತಕ್ಕೆ ಹತ್ತು ಸರಿ ಬಂದಾಗ ಮೊದಲು ಇದನ್ನೇ ಅನುಮಾನಿಸಿ.

ಹಂತ 8: ಕಿವಿ ಎಲ್ಲಿಡಬೇಕು

ಸ್ಫೋಟದ ದೃಶ್ಯ ಹಾಕಿ ಬಾಸ್ ಕೇಳುವುದು ಎಲ್ಲರೂ ಮಾಡುವ ತಪ್ಪು. ಬಾಸ್‌ನಲ್ಲಿ ಕೋಡೆಕ್‌ಗಳು ಬೇಗ ಸಿಕ್ಕಿಬೀಳುವುದಿಲ್ಲ. ಅಲ್ಲಿ ವ್ಯತ್ಯಾಸ ಕಂಡರೆ ಹಂತ 3ಕ್ಕೆ ಹಿಂತಿರುಗಿ.

ಲಾಸಿ ಕೋಡೆಕ್ ಕಷ್ಟಪಡುವುದು ಚಪ್ಪಾಳೆ, ಮಳೆ, ಸಿಂಬಲ್, ತಾಳದಂಥ ಚೂಪು ಪೆಟ್ಟುಗಳಲ್ಲಿ. ಚಪ್ಪಾಳೆಯಲ್ಲಿ ಒಂದೊಂದು ಕೈಯೂ ಬೇರೆ ಬೇರೆಯಾಗಿ ಕೇಳುತ್ತಿದೆಯಾ, ಇಲ್ಲ ನೀರು ಸುರಿದಂತೆ ಒಂದಾಗಿದೆಯಾ ಗಮನಿಸಿ. ಪೆಟ್ಟು ಬೀಳುವ ಮುಂಚೆಯೇ ಮಸುಕಾದ ಸದ್ದು ಶುರುವಾಗುತ್ತದೆಯಾ ನೋಡಿ. ಕಡಿಮೆ ಬಿಟ್‌ರೇಟ್‌ನ ಡಾಲ್ಬಿ ಡಿಜಿಟಲ್‌ನಲ್ಲಿ ಹಲವು ಚಾನೆಲ್‌ಗಳ ಮೇಲಿನ ಆವರ್ತನಗಳನ್ನು ಒಟ್ಟು ಸೇರಿಸಿ ಜಾಗ ಉಳಿಸುತ್ತಾರೆ. ಹಾಗಾಗಿ ಹಿಂದಿನ ಸ್ಪೀಕರ್‌ಗಳ ಸಣ್ಣ ಮಿನುಗು ಸದ್ದುಗಳು, ಪ್ರತಿಧ್ವನಿ ಕರಗುವ ಬಾಲ, ಮುಂದಿನಿಂದ ಹಿಂದಕ್ಕೆ ಹೋಗುವ ಶಬ್ದದ ದಾರಿ ಇಲ್ಲೆಲ್ಲ ಕಿವಿ ಇಡಿ. ಸರೌಂಡ್ ಸ್ಪೀಕರ್ ಒಂದರ ಹತ್ತಿರ ಹೋಗಿ ಕೇಳಿದರೆ ದೋಷ ಬೇಗ ಸಿಗುತ್ತದೆ, ಆದರೆ ತೀರ್ಪು ಮಾತ್ರ ಕೂರುವ ಜಾಗದಿಂದಲೇ ಕೊಡಿ.

ಎಲ್ಲ ಹಂತ ಸರಿಯಾಗಿ ಮಾಡಿದ ಮೇಲೆ ನಾನು ನಿರೀಕ್ಷಿಸುವುದು ಇಷ್ಟು. 448ರ ಡಾಲ್ಬಿ ಮತ್ತು ಲಾಸ್‌ಲೆಸ್ ನಡುವೆ, ಕಷ್ಟದ ತುಣುಕು ಆರಿಸಿದ್ದರೆ, ಗಮನವಿಟ್ಟವರಿಗೆ ವ್ಯತ್ಯಾಸ ಸಿಗಬಹುದು. 640 ಅಥವಾ 1509ರ ಡಿಟಿಎಸ್ ಬಂದರೆ ಬಹಳ ಜನರಿಗೆ ಕಷ್ಟ. ಎರಡು ಲಾಸ್‌ಲೆಸ್‌ಗಳ ನಡುವೆ ಏನೂ ಇರಬಾರದು. ಮೇಲಿನ ಸ್ಪೀಕರ್ ಇದ್ದು ಇಲ್ಲದ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮಿಕ್ಸ್ ಬದಲಾದರೆ ಯಾರಿಗಾದರೂ ಗೊತ್ತಾಗುತ್ತದೆ. ಹಣ ಹಾಕಬೇಕಾದ ಕ್ರಮವನ್ನು ನಾನು ಇದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ಹೇಳುತ್ತೇನೆ: ಮೊದಲು ಒಳ್ಳೆಯ ಮಿಕ್ಸ್ ಇರುವ ಡಿಸ್ಕ್, ಆಮೇಲೆ ಸ್ಪೀಕರ್, ಫಾರ್ಮ್ಯಾಟ್‌ನ ಹೆಸರು ಕೊನೆಗೆ.

ಫಲಿತಾಂಶ ಬರೆದಿಡುವಾಗ ಡಿಸ್ಕ್‌ನ ಆವೃತ್ತಿ, ರಿಸೀವರ್ ತೋರಿಸಿದ ಸಿಗ್ನಲ್ ಹೆಸರು, ಏರಿಸಿದ ಡಿಬಿ, ಎಷ್ಟಕ್ಕೆ ಎಷ್ಟು ಸರಿ ಇವು ನಾಲ್ಕನ್ನೂ ಬರೆಯಿರಿ. ಇನ್ನೊಬ್ಬರು ಅದನ್ನೇ ಮಾಡಿ ನೋಡಬೇಕಾದರೆ ಈ ನಾಲ್ಕೂ ಬೇಕು.